ಬೀದರ ಸೀಮೆಯ ಬಾವುಟಗಳು

ಬೀದರಿನ ಕೋಟೆಯನ್ನು ನೋಡಿ ಹಿಂದಿರುಗುವವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಮರೆಯಲಾರರು. ಒಂದು, ಕೆಂಪು ಬಂಡೆಯನ್ನೇ ಕೊರೆದು ತೆಗೆದ ಮೂರು ಸಾಲಿನ ಕಂದಕ. ಎರಡು, ಬುರುಜುಗಳ ಮೇಲೆ ಇಂದಿಗೂ ಬಾಯಿ ತೆರೆದು ಮಲಗಿರುವ ತೋಪುಗಳು. ಮೂರು, ರಂಗೀನ್ ಮಹಲಿನ ಕರಿಗಲ್ಲಿನಲ್ಲಿ ಹುದುಗಿಸಿದ ಮುತ್ತಿನ ಚಿಪ್ಪಿನ ಕುಸುರಿ. ಕಲ್ಲು, ಲೋಹ, ಚಿಪ್ಪು - ಮೂರೂ ಕಾಲಕ್ಕೆ ಸುಲಭವಾಗಿ ಸೋಲದ ವಸ್ತುಗಳು. ಕೋಟೆಯ ಹಳೆಯ ಹಮಾಮಿನ ಕಟ್ಟಡದಲ್ಲಿರುವ ವಸ್ತುಸಂಗ್ರಹಾಲಯವನ್ನು ಹೊಕ್ಕರೂ ಮೊದಲು ಕಣ್ಣಿಗೆ ಬೀಳುವುದು ವಿಗ್ರಹಗಳು ಮತ್ತು ಆಯುಧಗಳು. ಆದರೆ ಈ ಕೋಟೆ ಯಾರ ಕೈಯಲ್ಲಿದೆ, ಈ ತೋಪು ಯಾರ ಪರವಾಗಿ ಗರ್ಜಿಸುತ್ತಿದೆ ಎಂಬುದನ್ನು ದೂರದ ಬಯಲಿನಲ್ಲಿ ನಿಂತವನಿಗೆ ತಿಳಿಸುತ್ತಿದ್ದ ವಸ್ತು ಬೇರೊಂದಿತ್ತು. ಅದು ಕೋಲಿನ ತುದಿಗೆ ಕಟ್ಟಿದ ಒಂದು ತುಂಡು ಬಟ್ಟೆ. ಅದಕ್ಕಾಗಿ ಸಾವಿರಾರು ಜನ ಪ್ರಾಣ ಕೊಟ್ಟರು. ಪ್ರಾಣ ತೆಗೆದವರೂ ಅಷ್ಟೇ ಜನ. ಅಂಥ ಬಟ್ಟೆಯನ್ನು ಹುಡುಕುತ್ತ ನಾನು ಈ ಕೋಟೆಯಲ್ಲಿ ಹಲವು ಸಲ ಅಲೆದಿದ್ದೇನೆ. ಬಹಮನಿ ಸುಲ್ತಾನರ ಒಂದು ಬಾವುಟವನ್ನೂ ನಾನು ಕಂಡಿಲ್ಲ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹತ್ತಿ ಮತ್ತು ರೇಷ್ಮೆ ಬಿಸಿಲಿಗೆ ಸವೆಯುತ್ತವೆ, ಮಳೆಗೆ ಕೊಳೆಯುತ್ತವೆ, ಹುಳುವಿಗೆ ಆಹಾರವಾಗುತ್ತವೆ. ಉಳಿದ ಬಟ್ಟೆಗಳಿಗಾದರೂ ಪೆಟ್ಟಿಗೆಯ ನೆರಳು ಸಿಗುತ್ತದೆ. ಬಾವುಟದ ಕೆಲಸವೇ ಗಾಳಿಯಲ್ಲಿ, ಬಿಸಿಲಿನಲ್ಲಿ ನಿಲ್ಲುವುದು. ಸೋತವನ ಬಾವುಟವನ್ನು ಗೆದ್ದವನು ಇಳಿಸುತ್ತಾನೆ, ಹರಿಯುತ್ತಾನೆ, ಇಲ್ಲವೆ ಸುಡುತ್ತಾನೆ. ಆದಕಾರಣ ಬೀದರ ಸೀಮೆಯ ಬಾವುಟಗಳ ಚರಿತ್ರೆಯನ್ನು ಬರೆಯಹೊರಟವನು ಬಟ್ಟೆಯನ್ನು ಬಿಟ್ಟು ಅದರ ನೆರಳನ್ನು ಹಿಂಬಾಲಿಸಬೇಕಾಗುತ್ತದೆ. ಆ ನೆರಳು ನಮ್ಮ ಭಾಷೆಯಲ್ಲಿದೆ, ಶಾಸನದಲ್ಲಿದೆ, ಗೋಡೆಯ ಮೇಲಿನ ಹೆಂಚಿನಲ್ಲಿದೆ, ಪರದೇಶದ ಪ್ರವಾಸಿಯೊಬ್ಬನ ದಿನಚರಿಯಲ್ಲಿದೆ.

ಮೊದಲು ಭಾಷೆಯನ್ನೇ ನೋಡೋಣ. ಧ್ವಜ, ಪತಾಕೆ, ಕೇತನಗಳು ಸಂಸ್ಕೃತದಿಂದ ಬಂದವು. ನಿಶಾನೆ, ಝಂಡಾಗಳು ಆಡಳಿತದ ಜೊತೆಗೆ ಬಂದವು. ಇವಲ್ಲದೆ ಹಳಗನ್ನಡ, ನಡುಗನ್ನಡ ಕಾವ್ಯಗಳನ್ನು ಓದಿದವರಿಗೆ ಪಳಯಿಗೆ, ಸಿಂಧ, ಟೆಕ್ಕೆಯ ಎಂಬ ಮಾತುಗಳು ಪರಿಚಿತ. ಎಲ್ಲಕ್ಕಿಂತ ಸೊಗಸಾದದ್ದು ಗುಡಿ ಎಂಬ ಮಾತು. ಇಂದು ಗುಡಿ ಎಂದರೆ ದೇವಾಲಯವೆಂದಷ್ಟೇ ನಮಗೆ ಹೊಳೆಯುತ್ತದೆ. ಹಳೆಯ ಕನ್ನಡದಲ್ಲಿ ಅದಕ್ಕೆ ಬಾವುಟವೆಂಬ ಅರ್ಥವೂ ಇತ್ತು. ಗುಡಿಗಟ್ಟುವುದು ಎಂದರೆ ಸಂತೋಷದಿಂದ ಬಾವುಟ ಏರಿಸುವುದು. ಕಾವ್ಯಗಳಲ್ಲಿ ಮೈಯ ರೋಮಗಳು ಗುಡಿಗಟ್ಟುವುದು ಈ ಅರ್ಥದಲ್ಲಿಯೇ. ಭಾಲ್ಕಿ ಮತ್ತು ಔರಾದಿನ ಕಡೆಗೆ ಯುಗಾದಿಯ ಬೆಳಗ್ಗೆ ಹೋದವರು ಮರಾಠಿ ಮಾತಾಡುವ ಮನೆಗಳ ಮುಂದೆ ಉದ್ದನೆಯ ಕೋಲಿಗೆ ಪತ್ತಲವನ್ನು ಕಟ್ಟಿ, ಬೇವಿನ ಸೊಪ್ಪು ಸಿಕ್ಕಿಸಿ, ಮೇಲೆ ತಂಬಿಗೆಯನ್ನು ಬೋರಲು ಹಾಕಿ ನಿಲ್ಲಿಸಿದ ಗುಡಿಯನ್ನು ಕಾಣುತ್ತಾರೆ. ನಮ್ಮ ಕಾವ್ಯಗಳಲ್ಲಿ ನಿದ್ರಿಸುತ್ತಿರುವ ಮಾತು ಗಡಿಯ ಹಳ್ಳಿಯಲ್ಲಿ ನೆರೆಯ ಭಾಷೆಯ ಬಾಯಿಂದ ಎಚ್ಚರವಾಗಿಯೇ ಉಳಿದಿದೆ.

ಇನ್ನು ಶಾಸನಗಳು. ಕನ್ನಡ ನಾಡಿನ ಅರಸು ಮನೆತನಗಳಿಗೆ ಲಾಂಛನವೊಂದು, ಧ್ವಜವೊಂದು ಇರುತ್ತಿತ್ತು. ಎರಡೂ ಒಂದೇ ಆಗಬೇಕೆಂಬ ನಿಯಮವಿರಲಿಲ್ಲ. ಕದಂಬರ ಲಾಂಛನ ಸಿಂಹ, ಧ್ವಜ ವಾನರ. ಗಂಗರ ಲಾಂಛನ ಮದಗಜ, ಧ್ವಜ ಪಿಂಛ, ಅಂದರೆ ಗರಿ. ರಾಷ್ಟ್ರಕೂಟರ ಲಾಂಛನ ಗರುಡ, ಧ್ವಜ ಪಾಳಿಧ್ವಜ. ಈ ಪಾಳಿಧ್ವಜವೆಂಬುದು ಒಂದೇ ಬಾವುಟವಲ್ಲ, ಬಾವುಟಗಳ ಸಾಲು. ಅಮೋಘವರ್ಷ ನೃಪತುಂಗನ ಗುರುವಾಗಿದ್ದ ಜಿನಸೇನನ ಆದಿಪುರಾಣದಲ್ಲಿ ಇದರ ವಿವರಣೆ ಸಿಗುತ್ತದೆ: ಮಾಲೆ, ವಸ್ತ್ರ, ನವಿಲು, ತಾವರೆ, ಹಂಸ, ಗರುಡ, ಸಿಂಹ, ವೃಷಭ, ಆನೆ, ಚಕ್ರ ಎಂಬ 10 ಚಿಹ್ನೆಗಳು; ಪ್ರತಿಯೊಂದು ಚಿಹ್ನೆಗೆ 108 ಬಾವುಟಗಳು; ಹೀಗೆ ದಿಕ್ಕಿಗೆ 1080, ನಾಲ್ಕು ದಿಕ್ಕಿಗೆ 4320. ಪುರಾಣದ ಲೆಕ್ಕ ಇದು, ಸೈನ್ಯದ ಉಗ್ರಾಣದ ಲೆಕ್ಕವಲ್ಲ. ಆದರೂ ಅಂಥ ಲೆಕ್ಕವೊಂದು ಕವಿಯ ಮನಸ್ಸಿಗೆ ಹೊಳೆಯಬೇಕಾದರೆ ಸಾಲು ಸಾಲು ಬಾವುಟಗಳನ್ನು ಆತ ಎಲ್ಲಿಯೋ ನೋಡಿರಲೇಬೇಕು. ಈ ಪಾಳಿಧ್ವಜ ರಾಷ್ಟ್ರಕೂಟರದೇ ಸೃಷ್ಟಿಯೂ ಅಲ್ಲ. ಬಾದಾಮಿಯ ಚಾಲುಕ್ಯ ವಿಜಯಾದಿತ್ಯನು ಉತ್ತರದ ದಂಡಯಾತ್ರೆಯಲ್ಲಿ ಅದನ್ನು ಗೆದ್ದು ತಂದೆಗೆ ಅರ್ಪಿಸಿದನೆಂದು ಚಾಲುಕ್ಯ ಶಾಸನಗಳು ಹೇಳುತ್ತವೆ. ಬಾವುಟವನ್ನೂ ಬಿರುದಿನಂತೆ ಗೆಲ್ಲಬಹುದಾಗಿತ್ತು, ಕಳೆದುಕೊಳ್ಳಬಹುದಾಗಿತ್ತು.

ಬೀದರ ಜಿಲ್ಲೆಯ ನೆಲಕ್ಕೇ ಬಂದರೆ, ಇಂದಿನ ಬಸವಕಲ್ಯಾಣವಾಗಿರುವ ಕಲ್ಯಾಣ ಪಟ್ಟಣ 12ನೆಯ ಶತಮಾನದಲ್ಲಿ ಎರಡು ಧ್ವಜಗಳನ್ನು ಕಂಡಿತು. ಮೊದಲನೆಯದು ಚಾಲುಕ್ಯರದು, ವರಾಹ ಲಾಂಛನದ ಮನೆತನದ್ದು. ಎರಡನೆಯದು ಕಳಚುರಿ ಬಿಜ್ಜಳನ ಸುವರ್ಣವೃಷಭಧ್ವಜ, ಹೊನ್ನಿನ ಎತ್ತಿನ ಬಾವುಟ. ಬಸವಣ್ಣನವರು ಭಂಡಾರದ ಲೆಕ್ಕ ನೋಡುತ್ತಿದ್ದ ದಿನಗಳಲ್ಲಿ ಅರಮನೆಯ ಮೇಲೆ ಹಾರಾಡುತ್ತಿದ್ದುದು ವೃಷಭದ ಗುರುತಿನ ಬಟ್ಟೆ ಎಂಬುದನ್ನು ನೆನೆದಾಗ ನನಗೆ ವಿಚಿತ್ರವೆನಿಸುತ್ತದೆ. ಮುಂದೆ ಶರಣರ ನೆನಪಿನಲ್ಲಿ ಬಸವನೆಂಬ ಹೆಸರಿಗೂ ವೃಷಭಕ್ಕೂ ಬೆಸುಗೆ ಬಿತ್ತು. ಅರಸನ ವೃಷಭ ಶಾಸನದ ಪಂಕ್ತಿಯಲ್ಲಿಯೇ ಉಳಿಯಿತು. ಈ ಧ್ವಜಗಳಿಗೆ ಬಟ್ಟೆ ಎಲ್ಲಿಂದ ಬರುತ್ತಿತ್ತು? ಇದೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ವಸ್ತ್ರಭೋಗಕ್ಕೆ ಒಂದು ಪ್ರಕರಣವೇ ಮೀಸಲು. ಅಲ್ಲಿ ಸಿಂಹಳ, ಕಳಿಂಗ, ವಂಗ, ನಾಗಪಟ್ಟಣ, ಮೂಲಸ್ಥಾನ, ಮಹಾಚೀನದ ಬಟ್ಟೆಗಳ ಹೆಸರು ಬರುತ್ತವೆ. ಮೂಲಸ್ಥಾನವೆಂದರೆ ಇಂದಿನ ಮುಲ್ತಾನ. ಹಾಗಾದರೆ ಕಲ್ಯಾಣದ ಅರಮನೆಯ ಬಟ್ಟೆಯ ಕೋಣೆಯೊಂದೇ ಅಂದಿನ ಏಷ್ಯಾದ ನಕಾಶೆಯಾಗಿತ್ತು.

ಬಹಮನಿ ರಾಜ್ಯ 1347ರಲ್ಲಿ ಹುಟ್ಟಿದಾಗ ಮೊದಲ ಸುಲ್ತಾನನ ತಲೆಯ ಮೇಲೆ ಹಿಡಿದದ್ದು ಕಪ್ಪು ಬಣ್ಣದ ಛತ್ರ. ಕಪ್ಪು ಅಬ್ಬಾಸಿ ಖಲೀಫರ ಬಣ್ಣ. ದಿಲ್ಲಿಯಿಂದ ಸಿಡಿದು ಬಂದ ಸರದಾರನಿಗೆ ದಿಲ್ಲಿಗಿಂತ ದೊಡ್ಡ ಹೆಸರೊಂದರ ನೆರಳು ಬೇಕಾಗಿತ್ತು. ಅಹಮದ್ ಶಾಹನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ ಈ ವೈಭವವೂ ಇಲ್ಲಿಗೆ ಬಂತು. ಅದನ್ನು ಕಣ್ಣಾರೆ ಕಂಡು ಬರೆದಿಟ್ಟವನು ರಷ್ಯದ ತ್ವೇರ್ ಊರಿನ ವ್ಯಾಪಾರಿ ಅಫಾನಸಿ ನಿಕಿತಿನ್. 1470ರ ದಶಕದ ಆರಂಭದಲ್ಲಿ, ಮಹಮೂದ ಗವಾನನ ಮಂತ್ರಿತನದ ಕಾಲದಲ್ಲಿ ಆತ ಬೀದರಿನಲ್ಲಿದ್ದ. ಇಲ್ಲಿಯ ಪೇಟೆಯಲ್ಲಿ ಕುದುರೆಗಳ ಜೊತೆಗೆ ಕಿಂಕಾಪಿನ ಬಗೆಯ ಚಿತ್ತಾರದ ರೇಷ್ಮೆ ಮಾರಾಟವಾಗುತ್ತಿತ್ತೆಂದು ಆತ ಗುರುತು ಹಾಕಿಕೊಂಡಿದ್ದಾನೆ.

ಹಬ್ಬದ ದಿನ ಸುಲ್ತಾನನ ಸವಾರಿ ಹೊರಟಾಗ ಉಕ್ಕಿನ ಕವಚ ತೊಟ್ಟ 300 ಆನೆಗಳು ಹೊರಟವೆಂದು ನಿಕಿತಿನ್ ಹೇಳುತ್ತಾನೆ. ಆನೆಯ ಬೆನ್ನ ಮೇಲೆ ಅಂಬಾರಿಯ ಬದಲು ಸಣ್ಣ ಕೋಟೆ, ಅದರೊಳಗೆ ಶಸ್ತ್ರಧಾರಿಗಳು, ದಂತಗಳಿಗೆ ಕಟ್ಟಿದ ಭಾರವಾದ ಕತ್ತಿಗಳು, ಮತ್ತು ಆನೆಯೊಂದಕ್ಕೆ ಎರಡು ದೊಡ್ಡ ಬಾವುಟಗಳು. ಸುಲ್ತಾನನ ಮುಂದೆ ಒಬ್ಬ ಕಾಲಾಳು ಛತ್ರವನ್ನು ಆಡಿಸುತ್ತ ಕುಣಿಯುತ್ತಿದ್ದ. ಹಿಂದೆ ಇಡೀ ಮೈಗೆ ರೇಷ್ಮೆ ಹೊದ್ದ ಮದದಾನೆಯೊಂದು ನಡೆಯುತ್ತಿತ್ತು. ಪ್ರವಾಸಿಗಳ ಸಂಖ್ಯೆಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಆತನ ಮಾತನ್ನೇ ಹಿಡಿದು ಗುಣಿಸಿದರೆ ಒಂದೇ ಮೆರವಣಿಗೆಯಲ್ಲಿ 600 ಬಾವುಟಗಳಾದವು. ಅವುಗಳಲ್ಲಿ ಒಂದರ ಅಂಚೂ ನಮಗೆ ದೊರೆತಿಲ್ಲ. ನಿಕಿತಿನ್ ತನ್ನ ಊರನ್ನು ಮುಟ್ಟದೆ ದಾರಿಯಲ್ಲಿಯೇ ತೀರಿಕೊಂಡ. ಆತನ ಬರಹ ಮಾತ್ರ ಉಳಿದು, ಮಠವೊಂದರ ಹಸ್ತಪ್ರತಿಗಳ ನಡುವೆ 19ನೆಯ ಶತಮಾನದ ಆರಂಭದಲ್ಲಿ ಇತಿಹಾಸಕಾರ ಕರಮ್‌ಜಿನ್‌ನ ಕೈಗೆ ಸಿಕ್ಕಿತು. ಬೀದರಿನ ಬಾವುಟಗಳು ಬೀದರಿನಲ್ಲಿ ಅಳಿದು, ರಷ್ಯದ ಕಾಗದದ ಮೇಲೆ ಉಳಿದವು.

ಬೀದರಿನಲ್ಲಿಯೇ ಉಳಿದ ಒಂದು ಸಾಕ್ಷಿ ತಖ್ತ್ ಮಹಲಿನಲ್ಲಿದೆ. ಅಲ್ಲಿಯ ಕಮಾನಿನ ಮೂಲೆಗಳಲ್ಲಿ ಬಣ್ಣದ ಹೆಂಚುಗಳಿಂದ ರೂಪಿಸಿದ ಒಂದು ಚಿಹ್ನೆ ಇದೆ: ಹುಲಿ, ಅದರ ಬೆನ್ನ ಹಿಂದೆ ಉದಿಸುತ್ತಿರುವ ಸೂರ್ಯ. ಬೀದರಿನ ಸ್ಮಾರಕಗಳನ್ನು ಕುರಿತು 1947ರಲ್ಲಿ ಪ್ರಕಟವಾದ ಗುಲಾಮ್ ಯಜ್ದಾನಿಯವರ ಮಹಾಗ್ರಂಥದಲ್ಲಿ ಇದನ್ನು ರಾಜಲಾಂಛನವೆಂದು ಗುರುತಿಸಲಾಗಿದೆ. ಪರ್ಷಿಯದಿಂದ ಬಂದ ಕುಶಲಿಗಳು ತಮ್ಮ ನಾಡಿನ ಸಿಂಹಸೂರ್ಯರನ್ನು ದಖ್ಖನಿನ ಹುಲಿಗೆ ಹೊಂದಿಸಿದರೆಂದು ತೋರುತ್ತದೆ. ಇದೇ ಚಿಹ್ನೆ ಬಟ್ಟೆಯ ಮೇಲೂ ಹಾರಾಡಿತೇ ಎಂಬುದನ್ನು ಹೆಂಚು ಹೇಳುವುದಿಲ್ಲ. ಇನ್ನು ಅಷ್ಟೂರಿನ ಅಹಮದ್ ಶಾಹ ವಲಿಯ ಗೋರಿಯೊಳಗೆ ತಲೆಯೆತ್ತಿ ನೋಡಿದರೆ, ಬಂಗಾರ ಮತ್ತು ಸಿಂಧೂರದ ಬಳ್ಳಿಬರಹ ದೊಡ್ಡ ರತ್ನಗಂಬಳಿಯೊಂದನ್ನು ಬೋರಲು ಹಾಸಿದಂತೆ ಕಾಣುತ್ತದೆ. ನೇಯ್ಗೆಯ ವಿನ್ಯಾಸಗಳನ್ನು ಗಾರೆಯ ಮೇಲೆ ಇಳಿಸಿದ ಚಿತ್ರಕಾರನು ಬಟ್ಟೆಗೆ ಇಲ್ಲದ ಆಯುಷ್ಯವನ್ನು ಅದಕ್ಕೆ ಕೊಟ್ಟ.

ಬಹಮನಿಗಳ ನಂತರ ಬಾವುಟಗಳು ಬೇಗ ಬೇಗ ಬದಲಾದವು. ಬಾರೀದ್ ಶಾಹಿಗಳದು 1619ರಲ್ಲಿ ಇಳಿದು ಬಿಜಾಪುರದ್ದು ಏರಿತು. 1657ರಲ್ಲಿ ಔರಂಗಜೇಬನ ಮುತ್ತಿಗೆಯಲ್ಲಿ ಮದ್ದು ಸಿಡಿದು ಕಿಲ್ಲೇದಾರ ಸಿದ್ದಿ ಮರ್ಜಾನ ಮಡಿದ ಮೇಲೆ ಮೊಗಲರದು ಏರಿತು. 1724ರ ನಂತರ ನಿಜಾಮರ ಹಳದಿ ಬಾವುಟ ಬಂತು. ಅದರ ನಡುವಿನ ದುಂಡು ಗುರುತಿಗೆ ಒಂದು ಐತಿಹ್ಯವುಂಟು. ಸೂಫಿ ಸಂತರೊಬ್ಬರು ಹಳದಿ ಬಟ್ಟೆಯಲ್ಲಿ ಸುತ್ತಿದ್ದ ಕುಲ್ಚಾ ರೊಟ್ಟಿಯನ್ನು ಮೊದಲ ನಿಜಾಮನ ಮುಂದಿಟ್ಟರಂತೆ. ಆತ ಏಳು ತಿಂದನಂತೆ. ನಿನ್ನ ವಂಶ ಏಳು ತಲೆಮಾರು ಆಳಲೆಂದು ಅವರು ಹರಸಿದರಂತೆ. ರೊಟ್ಟಿ ಬಾವುಟದ ಗುರುತಾಯಿತು, ರೊಟ್ಟಿ ಸುತ್ತಿದ ಬಟ್ಟೆಯ ಬಣ್ಣ ಬಾವುಟದ ಬಣ್ಣವಾಯಿತು. ಔರಾದಿಗೆ ಹತ್ತಿರದ ಉದಗೀರಿನಲ್ಲಿ 1760ರ ಫೆಬ್ರುವರಿಯಲ್ಲಿ ಈ ಬಾವುಟ ಸದಾಶಿವರಾವ್ ಭಾವುವಿನ ಜರಿಪಟಕಾದ ಮುಂದೆ ಬಾಗಿತು. ಮುಂದಿನ ಜನವರಿ 14ರಂದು ಅದೇ ಜರಿಪಟಕಾ ಪಾಣಿಪತ್ತಿನಲ್ಲಿ ಬಿತ್ತು. ಉದಗೀರು ಅಂದಿನಿಂದ ಬಹುಕಾಲ ಬೀದರ ಸೀಮೆಯದೇ ಊರು. 1956ರ ಪುನರ್ವಿಂಗಡಣೆಯಲ್ಲಿ ಅದು ಮುಂಬಯಿ ರಾಜ್ಯಕ್ಕೆ ಹೋಯಿತು, ಔರಾದು ಮೈಸೂರು ರಾಜ್ಯಕ್ಕೆ ಬಂತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಅರಸರ ಬಾವುಟಗಳ ಮಾತು. ಪ್ರಜೆಗಳೇ ಬಾವುಟವನ್ನು ಕೈಗೆತ್ತಿಕೊಂಡ ಕಾಲ 1947ರದು. ಆ ವರ್ಷದ ಜುಲೈ 22ರಂದು ಸಂವಿಧಾನ ಸಭೆ ತ್ರಿವರ್ಣ ಧ್ವಜವನ್ನು ಅಂಗೀಕರಿಸಿತು. ಆದರೆ ಹೈದರಾಬಾದ್ ಸಂಸ್ಥಾನದಲ್ಲಿ ಅದನ್ನು ಹಾರಿಸುವುದು ಅಪರಾಧವಾಗಿತ್ತು. ಆಗಸ್ಟ್ 15ರಂದು ಸ್ವಾಮಿ ರಮಾನಂದ ತೀರ್ಥರು ಹೈದರಾಬಾದಿನಲ್ಲಿ ಧ್ವಜವನ್ನೆತ್ತಿ ಸೆರೆಮನೆಗೆ ಹೋದರು. ಸಂಸ್ಥಾನದಲ್ಲಿ ಭಾಷೆಗೂ ಇಂಥದೇ ಕಟ್ಟು ಇತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಸಂಗತಿ ಈ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಫಲಕವೂ ಒಂದು ಬಗೆಯ ಬಾವುಟವೇ. ಅದನ್ನು ಹೊರಗೆ ಬಿಟ್ಟುಕೊಟ್ಟು ಒಳಗಿನದನ್ನು ಉಳಿಸಿಕೊಳ್ಳುವ ಜಾಣ್ಮೆ ಅವರದಾಗಿತ್ತು.

ಎಲ್ಲ ಕಡೆಗೂ ಹೀಗೆ ನಡೆಯಲಿಲ್ಲ. ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ತ್ರಿವರ್ಣ ಧ್ವಜ ಏರಿತು. 1948ರ ಮೇ ತಿಂಗಳಲ್ಲಿ ರಜಾಕಾರರು ಆ ಊರಿನ ಮೇಲೆ ಬಿದ್ದು ನಡೆಸಿದ ಹತ್ಯೆಯಲ್ಲಿ ಸತ್ತವರು ಸುಮಾರು 200 ಮಂದಿ ಎಂದು ಹೇಳಲಾಗುತ್ತದೆ. ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಸೋಲೊಪ್ಪಿತು, ತ್ರಿವರ್ಣ ಧ್ವಜ ಎಲ್ಲೆಡೆ ಏರಿತು. ಅದರ ನಂತರದ ವಾರಗಳಲ್ಲಿ ಈ ಸೀಮೆಯ ಮುಸಲ್ಮಾನರ ಮೇಲೆ ನಡೆದ ಕೊಲೆ, ಸುಲಿಗೆಗಳನ್ನು ಪಂಡಿತ ಸುಂದರಲಾಲರ ಸಮಿತಿ ದಾಖಲಿಸಿತು. ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಹೆಸರಿಸಿದ ನಾಲ್ಕರಲ್ಲಿ ಬೀದರವೂ ಒಂದು. ಆ ವರದಿ ಜನರ ಕಣ್ಣಿಗೆ ಬೀಳಲು ದಶಕಗಳೇ ಹಿಡಿದವು. ಬಾವುಟದ ಚರಿತ್ರೆ ಬರೆಯುವವನು ಈ ಎರಡು ಸಂಗತಿಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಬಿಡಲಾಗದು. ಬಟ್ಟೆಗೆ ರಕ್ತದ ಕಲೆ ಯಾವ ದಿಕ್ಕಿನಿಂದ ಬಂದರೂ ಅದು ಕಲೆಯೇ.

ಅಲ್ಲಿಂದೀಚಿನ ಕಥೆ ಹೆಚ್ಚು ಶಾಂತವಾದದ್ದು. 1957ರ ನವೆಂಬರ್ 1ರಂದು ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜವನ್ನು ಸಿದ್ಧಪಡಿಸುವ ಕೇಂದ್ರವಾಗಿ ಬೆಳೆಯಿತು. ಧ್ವಜಕ್ಕೆ ಒಂಬತ್ತು ಅಳತೆಗಳುಂಟು. ದೊಡ್ಡದು 6300ಕ್ಕೆ 4200 ಮಿಲಿಮೀಟರ್, ಚಿಕ್ಕದು 150ಕ್ಕೆ 100 ಮಿಲಿಮೀಟರ್. ಎಳೆಯ ಎಣಿಕೆ, ಬಣ್ಣದ ಗಟ್ಟಿತನ, ಚಕ್ರದ 24 ಅರೆಗಳ ಸಮತೆ ಎಲ್ಲವೂ ಮಾನಕ ಸಂಸ್ಥೆಯ ಪರೀಕ್ಷೆಗೆ ಒಳಪಡುತ್ತವೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರಿಗೂ ಯಂತ್ರದ ನೇಯ್ಗೆಗೂ ಅನುಮತಿ ದೊರೆತಾಗ ನೂಲುವ ಕೈಗಳಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಪಾಲಿಯೆಸ್ಟರ್ ಬಹುಕಾಲ ಬಾಳುತ್ತದೆ, ಖಾದಿ ಬಾಳುವುದಿಲ್ಲ. ಬಾಳುವುದೊಂದೇ ಬೆಲೆಯೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಈ ಪ್ರಶ್ನೆಗೆ ಬೀದರ ಸೀಮೆಯ ಜನ ಬಹು ಹಿಂದೆಯೇ ಒಂದು ಉತ್ತರ ಕಂಡುಕೊಂಡಿದ್ದಾರೆ. ನಾನಕ ಝರಾದ ಗುರುದ್ವಾರದ ಮುಂದೆ ನಿಶಾನ್ ಸಾಹಿಬ್ ನಿಂತಿದೆ. 1699ರಲ್ಲಿ ಗುರು ಗೋವಿಂದಸಿಂಹರ ಕರೆಗೆ ಓಗೊಟ್ಟ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಹರು ಇದೇ ಬೀದರಿನವರು. ನಿಶಾನದ ಕಂಬವನ್ನು ವೈಶಾಖಿಯಂಥ ಪರ್ವದಲ್ಲಿ ತೊಳೆದು, ಹಳೆಯ ಬಟ್ಟೆಯನ್ನು ಬಿಚ್ಚಿ ಹೊಸದನ್ನು ತೊಡಿಸುತ್ತಾರೆ. ಮೊಹರಮ್ಮಿನ ಅಲಮುಗಳನ್ನು ನೋಡಿ. ಅಲಮ್ ಎಂಬ ಮಾತಿಗೆ ಅರಬ್ಬಿಯಲ್ಲಿ ಬಾವುಟವೆಂದೇ ಅರ್ಥ. ಬಿದರಿ ಕುಸುರಿಯ ಅಲಮುಗಳೂ ಉಂಟು. ಲೋಹದ ಹಸ್ತ ತಲೆಮಾರುಗಳಿಂದ ಬಂದದ್ದಾಗಿರಬಹುದು, ಅದಕ್ಕೆ ಸುತ್ತುವ ಬಟ್ಟೆ ಮಾತ್ರ ಭಕ್ತರ ಹರಕೆಯಿಂದ ಹೊಸದಾಗುತ್ತ ಹೋಗುತ್ತದೆ. ಆ ಹರಕೆ ಹೊತ್ತವರಲ್ಲಿ ಹಿಂದೂಗಳೂ ಇರುತ್ತಾರೆ. ಜಾತ್ರೆಯ ನಂದಿಕೋಲು, ತಾಂಡಾಗಳ ಸೇವಾಲಾಲ ಗುಡಿಯ ಮುಂದಿನ ಬಿಳಿ ಬಾವುಟ, ಯುಗಾದಿಯ ಗುಡಿ ಎಲ್ಲಕ್ಕೂ ಇದೇ ಧರ್ಮ. ಬಟ್ಟೆ ಹಳೆಯದಾದರೆ ಇಳಿಸು, ಹೊಸದನ್ನು ಕಟ್ಟು. ಕಟ್ಟುವ ಕ್ರಮವನ್ನು ಮಾತ್ರ ಮರೆಯಬೇಡ. ಇಲ್ಲಿ ಕಾಪಾಡಲ್ಪಡುವುದು ಎಳೆಯಲ್ಲ, ನಡವಳಿಕೆ.

ವಸ್ತುಸಂಗ್ರಹಾಲಯದ ಧರ್ಮ ಇದಕ್ಕೆ ತದ್ವಿರುದ್ಧ. ಅದೇ ಎಳೆ, ಅದೇ ಕಲೆ, ಅದೇ ಹರಕು ಉಳಿಯಬೇಕೆಂಬುದು ಅದರ ಹಟ. ಹಳೆಯ ಬಟ್ಟೆಗಳಿರುವ ಕೋಣೆಯಲ್ಲಿ ಬೆಳಕನ್ನು 50 ಲಕ್ಸಿಗೆ ಇಳಿಸಿರುವುದರಿಂದ ನೋಡುಗರು ಕತ್ತಲೆಯೆಂದು ಗೊಣಗುತ್ತಾರೆ. ಆ ಮಬ್ಬೇ ಬಣ್ಣಕ್ಕೆ ಆಯುಷ್ಯ. ಎರಡೂ ಧರ್ಮಗಳು ನಮಗೆ ಬೇಕು. ವರ್ಷವರ್ಷಕ್ಕೆ ಮರಳಿ ಬರುವ ಬಾವುಟಕ್ಕೆ ಜಾತ್ರೆ ಸಾಕು; ಮತ್ತೆಂದೂ ಮರಳದ ದಿನವೊಂದರ ಬಾವುಟಕ್ಕೆ ಪೆಟ್ಟಿಗೆಯೇ ಗತಿ. 1947 ಮತ್ತು 1948ರ ದಿನಗಳು ಅಂಥವು. ಬೀದರ, ಭಾಲ್ಕಿ, ಔರಾದಿನ ಮನೆಗಳ ಸಂದೂಕಗಳಲ್ಲಿ ಅಂದು ಎತ್ತಿದ, ಅಡಗಿಸಿದ, ಹೊಲಿದ ಬಟ್ಟೆಯ ತುಂಡುಗಳು ಇದ್ದರೆ ಅವುಗಳಿಗೆ ಈಗ 75 ವರ್ಷಕ್ಕೂ ಮೀರಿದ ವಯಸ್ಸು. ಅವನ್ನು ಕಂಡವರು, ಹಿಡಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಆದ್ದರಿಂದ ನನ್ನದೊಂದು ಬಿನ್ನಹ. ಅಂಥ ಬಟ್ಟೆ ಸಿಕ್ಕಿದರೆ ಅದನ್ನು ಒಗೆಯಬೇಡಿ, ಇಸ್ತ್ರಿ ಮಾಡಬೇಡಿ. ಹಳೆಯ ಮಡಿಕೆಯ ಗೆರೆಯಲ್ಲಿಯೇ ಮತ್ತೆ ಮಡಿಚಬೇಡಿ. ಬಣ್ಣವಿಲ್ಲದ, ಚೆನ್ನಾಗಿ ಒಗೆದು ಒಣಗಿಸಿದ ಹತ್ತಿಯ ಬಟ್ಟೆಯ ಜೊತೆಗೆ ಅದನ್ನು ಸಡಿಲವಾಗಿ ಸುರುಳಿ ಸುತ್ತಿ, ಬಿಸಿಲು ತಾಗದ ಒಣ ಜಾಗದಲ್ಲಿಡಿ. ಕಬ್ಬಿಣದ ಗುಂಡುಸೂಜಿ ಚುಚ್ಚಬೇಡಿ, ತುಕ್ಕು ಎಳೆಯನ್ನು ತಿನ್ನುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಯಾರದು, ಯಾವ ಊರಿನಲ್ಲಿ, ಯಾವ ದಿನ ಯಾರು ಎತ್ತಿದ್ದು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಕಾಗದದಲ್ಲಿ ಬರೆದು ಜೊತೆಗಿಡಿ. ಹೆಸರು ಕಳೆದುಕೊಂಡ ಬಾವುಟ ಬರಿಯ ಅರಿವೆ. ನಿಕಿತಿನ್ ಎಂಬ ಪರದೇಶಿ ವ್ಯಾಪಾರಿ ಒಂದು ಸಂಜೆ ಕೂತು ನಾಲ್ಕು ಸಾಲು ಬರೆಯದಿದ್ದರೆ ಬಹಮನಿ ಆನೆಗಳ ಮೇಲಿನ ಬಾವುಟಗಳು ನಮ್ಮ ಪಾಲಿಗೆ ಹಾರಿಯೇ ಇರುತ್ತಿರಲಿಲ್ಲ. ನಮ್ಮ ಮನೆಯ ಬಾವುಟಕ್ಕೆ ಆ ನಾಲ್ಕು ಸಾಲನ್ನು ಬರೆಯಲು ಹೊರಗಿನವರು ಯಾರೂ ಬರಲಾರರು.